ಗ್ಯಾರೇಜಿಗೆ ಪ್ರೊಪೇನ್ ಹೀಟರ್ ತಗೋಬೇಕಾ? ಮೊದಲು ಗಾಳಿ ನೋಡಿ, ಬಿಟಿಯು ಆಮೇಲೆ

ಚಳಿಗಾಲದಲ್ಲಿ ಗ್ಯಾರೇಜಲ್ಲಿ ಕೂತು ಕೆಲಸ ಮಾಡಿದೋರಿಗೆ ಗೊತ್ತು, ಮೊದಲು ಸೋಲೋದು ಬೆರಳು. ಸ್ಪ್ಯಾನರ್ ಮುಟ್ಟಿದ್ರೆ ಕಬ್ಬಿಣ ಕೈ ಕೊರೆಯತ್ತೆ, ಸಣ್ಣ ನಟ್ಟು ಜಾರಿ ಕಾರಿನ ಕೆಳಗೆ ಹೋಗತ್ತೆ, ಮರಕ್ಕೆ ಹಾಕಿದ ಅಂಟು ಎಷ್ಟೊತ್ತಾದ್ರೂ ಹಿಡಿಯಲ್ಲ, ಅರ್ಧ ಗಂಟೆ ಹೆಣಗಾಡಿ ಸಾಕಪ್ಪಾ ಅಂತ ಮನೆಯೊಳಗೆ ಹೋಗ್ಬಿಡ್ತೀವಿ. ಆಗ ತಲೆಗೆ ಬರೋದೇ ಈ ಪೋರ್ಟಬಲ್ ಪ್ರೊಪೇನ್ ಹೀಟರ್. ವೈರಿಂಗ್ ಎಳೆಸೋದು ಬೇಡ, ಗೋಡೆ ಕೊರೆಯೋದು ಬೇಡ, ಸಿಲಿಂಡರ್‌ಗೆ ಸಿಕ್ಕಿಸಿ ಹಚ್ಚಿದ್ರೆ ಎರಡು ನಿಮಿಷಕ್ಕೆ ಮೈ ಬೆಚ್ಚಗಾಗತ್ತೆ. ಅದೆಲ್ಲ ನಿಜಾನೇ, ನಾನೂ ಅದನ್ನೇ ನಂಬಿ ತಂದೋನು.

ನಾನು ಮಾಡಿದ ತಪ್ಪು ಏನಂದ್ರೆ ಡಬ್ಬದ ಮೇಲಿದ್ದ ಬಿಟಿಯು ನಂಬರ್ ಒಂದನ್ನೇ ನೋಡಿದ್ದು (ಬಿಟಿಯು ಅಂದ್ರೆ ಬಿಸಿಯ ಅಳತೆ, ಹೀಟರ್ ಮೇಲೆ ಬರೆದಿದ್ರೆ ಅದು ಗಂಟೆಗೆ ಎಷ್ಟು ಬಿಸಿ ಕೊಡತ್ತೆ ಅನ್ನೋದು). ಒಂದು ಕಾರು, ಒಂದು ಬೆಂಚು ಹಿಡಿಸೋ ಜಾಗಕ್ಕೆ ಫ್ಯಾನಿಂದ ಬಿಸಿಗಾಳಿ ಊದೋ ದೊಡ್ಡ ಟಾರ್ಪಿಡೋ ಹೀಟರ್ ತಂದೆ, ಹಚ್ಚಿದ ಹತ್ತೇ ನಿಮಿಷಕ್ಕೆ ಬೆವರು, ಆರಿಸಿದ್ರೆ ಇನ್ನು ಹತ್ತು ನಿಮಿಷಕ್ಕೆ ಮತ್ತೆ ಚಳಿ, ಅದರ ಶಬ್ದಕ್ಕೆ ರೇಡಿಯೋನೂ ಕೇಳಿಸ್ತಿರಲಿಲ್ಲ. ಬಿಸಿ ಹೊರಗೆ ಹೋಗ್ಬಾರದು ಅಂತ ಬಾಗಿಲ ಕೆಳಗಿನ ಸಂದಿಗೆ ಹಳೇ ಕಂಬಳಿ ಬೇರೆ ತುರುಕಿದ್ದೆ. ಮೂರನೇ ದಿನ ಕೆಲಸ ಮಾಡ್ತಾ ಮಾಡ್ತಾ ಹಣೆ ಬಿಗಿದಂಗಾಯ್ತು, ಸ್ವಲ್ಪ ವಾಕರಿಕೆ, ನಿದ್ದೆ ಕಮ್ಮಿ ಆಗಿರ್ಬೇಕು ಅನ್ಕೊಂಡು ಕೆಲಸ ಮುಂದುವರಿಸಿದೆ. ಪುಣ್ಯಕ್ಕೆ ನನ್ನ ಹೆಂಡತಿ ಏನೋ ಕೇಳೋಕೆ ಅಂತ ಬಾಗಿಲು ತೆಗೆದ್ಲು, "ಏನ್ರೀ ಇದು, ಒಳಗೆ ಉಸಿರೇ ಕಟ್ಟತ್ತಲ್ಲಾ" ಅಂದ್ಲು, ನನ್ನ ಮುಖ ನೋಡಿದ್ದೇ ಕೈ ಹಿಡ್ಕೊಂಡು ಹೊರಗೆ ಎಳ್ಕೊಂಡು ಬಂದ್ಲು. ಹೊರಗಿನ ಗಾಳೀಲಿ ಕೂತ ಮೇಲೆ ನಿಧಾನಕ್ಕೆ ತಲೆನೋವು ಇಳೀತು. ನನ್ನ ಹತ್ರ ಆಗ ಕಾರ್ಬನ್ ಮಾನಾಕ್ಸೈಡ್ ಅನ್ನೋ ವಿಷಗಾಳಿ ಸೇರಿದ್ರೆ ಕೂಗೋ ಅಲಾರಂ ಇರಲಿಲ್ಲ, ಹಾಗಾಗಿ ಒಳಗೆ ಎಷ್ಟು ಸೇರಿತ್ತು ಅಂತ ಇವತ್ತಿಗೂ ನಂಗೆ ಗೊತ್ತಾಗಿಲ್ಲ. ಅದಕ್ಕೇ ಈ ಲೇಖನದಲ್ಲಿ ಹೀಟರ್ ವಿಷಯ ಸ್ವಲ್ಪ ತಡವಾಗಿ ಬರತ್ತೆ, ಬೇಜಾರು ಮಾಡ್ಕೋಬೇಡಿ, ಈ ಕ್ರಮ ಬೇಕಂತಲೇ ಇಟ್ಟಿದ್ದು.

1. ಗ್ಯಾರೇಜನ್ನ ಒಂದು ಸುತ್ತು ಹಾಕಿ

ಅಂಗಡಿಗೆ ಹೋಗೋ ಮುಂಚೆ ಗ್ಯಾರೇಜಲ್ಲಿ ಏನೇನಿದೆ ಅಂತ ಕಣ್ಣಿಟ್ಟು ನೋಡಿ. ಪೆಟ್ರೋಲ್ ಕ್ಯಾನ್, ಥಿನ್ನರ್, ಪೇಂಟ್ ಡಬ್ಬ, ಸ್ಪ್ರೇ ಕ್ಯಾನ್, ಹುಲ್ಲು ಕತ್ತರಿಸೋ ಮಷಿನ್ನು, ಟ್ಯಾಂಕ್ ತುಂಬಿರೋ ಬೈಕು. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಅದು ಮೇಲೆ ಹೋಗಲ್ಲ, ನೀರು ಹರಿದ ಹಾಗೆ ನೆಲದ ಮೇಲೇ ಹರ್ಕೊಂಡು ಬರತ್ತೆ, ನಾವು ಹೀಟರ್ ಇಡೋದೂ ನೆಲದ ಮೇಲೇ. ಚಳೀಲಿ ಪೆಟ್ರೋಲ್ ಆವಿ ಆಗಲ್ಲ ಬಿಡಿ ಅಂತ ಕೆಲವರು ಹೇಳ್ತಾರೆ, ಅದು ಪೂರ್ತಿ ತಪ್ಪು, ಪೆಟ್ರೋಲಿನ ಫ್ಲ್ಯಾಶ್ ಪಾಯಿಂಟ್ ಸುಮಾರು ಮೈನಸ್ 43 ಡಿಗ್ರಿ, ಅಂದ್ರೆ ನೀರು ಕಲ್ಲಾಗೋ ಚಳೀಲೂ ಅದು ಕಿಡಿ ತಾಗಿದ್ರೆ ಹತ್ಕೊಳ್ಳೋವಷ್ಟು ಆವಿ ಬಿಡ್ತಾನೇ ಇರತ್ತೆ. ಕಾರ್ಬ್ಯುರೇಟರ್ ಬಿಚ್ಚೋದು, ಪೆಟ್ರೋಲ್ ಟ್ಯಾಂಕ್ ಇಳಿಸೋದು, ಸ್ಪ್ರೇ ಪೇಂಟಿಂಗು, ಥಿನ್ನರಲ್ಲಿ ಪಾರ್ಟ್ಸ್ ತೊಳೆಯೋದು, ಇವೇ ನಿಮ್ಮ ಮುಖ್ಯ ಕೆಲಸ ಆಗಿದ್ರೆ ಉರಿ ಇರೋ ಯಾವ ಹೀಟರೂ ಬೇಡ, ಇಲ್ಲಿಗೇ ನಿಲ್ಲಿಸಿ. ಹಚ್ಚಿ ಬೆಚ್ಚಗೆ ಮಾಡಿ ಆಮೇಲೆ ಆರಿಸಿ ಪೇಂಟ್ ಹೊಡೀತೀನಿ ಅನ್ನೋದೂ ಬೇಡ, ಒಂದಲ್ಲ ಒಂದಿನ ಆರ್ಸೋದು ಮರ್ತು ಹೋಗತ್ತೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿರಲ್ಲ. ಬ್ರೇಕ್ ಕ್ಲೀನರ್ ಸ್ಪ್ರೇಗಳಲ್ಲಿ ಕ್ಲೋರಿನ್ ಇರೋ ಒಂದು ಜಾತಿ ಇದೆ, ಬೆಂಕಿ ಹತ್ತಲ್ಲ ಅಂತ ಅದನ್ನೇ ಸೇಫ್ ಅನ್ಕೊಂಡು ತಗೋತಾರೆ. ಅದರ ಆವಿ ಹೀಟರಿನ ಉರಿಗೆ ಅಥವಾ ಕೆಂಪಗೆ ಕಾದ ಪ್ಲೇಟಿಗೆ ಸಿಕ್ಕಿದ್ರೆ ಹೈಡ್ರೋಜನ್ ಕ್ಲೋರೈಡ್, ಫಾಸ್ಜೀನ್ ಥರದ ವಿಷಗಾಳಿ ಹುಟ್ಟತ್ತೆ. ಡಬ್ಬದ ಹಿಂದೆ ಕ್ಲೋರಿನೇಟೆಡ್ ಅಂತ ಬರೆದಿದ್ರೆ ಹೀಟರ್ ಉರಿಯೋ ಜಾಗದಲ್ಲಿ ಅದನ್ನ ತೆಗೀಲೇಬೇಡಿ.

ಗ್ಯಾರೇಜ್ ಮನೆಗೆ ಅಂಟಿಕೊಂಡಿದ್ಯಾ, ಬೇರೆ ಇದ್ಯಾ ಅನ್ನೋದನ್ನೂ ನೋಡ್ಕೊಳ್ಳಿ. ಅಂಟಿಕೊಂಡಿದ್ರೆ ಅಲ್ಲಿ ಹುಟ್ಟಿದ ಹೊಗೆಗಾಳಿ ಬಾಗಿಲ ಸಂದಿಯಿಂದ ಮಲಗೋ ಕೋಣೆವರೆಗೂ ಹೋಗತ್ತೆ. ಅಂಥ ಮನೇಲಿ ಒಂದು ಅಲಾರಂ ಗ್ಯಾರೇಜಿಗೆ, ಇನ್ನೊಂದು ಮನೆಯೊಳಗೆ, ಎರಡು ಬೇಕೇ ಬೇಕು.

2. ಗಾಳಿ ಎಲ್ಲಿಂದ ಬರತ್ತೆ, ಎಲ್ಲಿಂದ ಹೋಗತ್ತೆ

ಚಿಮಣಿ ಇಲ್ಲದ ಹೀಟರ್ ಅಂದ್ರೆ ಅದು ಸುಟ್ಟಿದ್ದೆಲ್ಲ ನಿಮ್ಮ ಜೊತೇನೇ ಕೋಣೆಯೊಳಗೆ ಉಳಿಯತ್ತೆ. 1 ಕೆಜಿ ಪ್ರೊಪೇನ್ ಪೂರ್ತಿ ಸುಟ್ರೆ ಸುಮಾರು 3 ಕೆಜಿ ಕಾರ್ಬನ್ ಡೈಆಕ್ಸೈಡು, 1.6 ಲೀಟರ್ ಆಗೋವಷ್ಟು ನೀರಾವಿ ಬರತ್ತೆ. ಹೌದು, ನೀರು. 30,000 ಬಿಟಿಯು ಹೀಟರ್ ಒಂದು ಗಂಟೆ ಉರಿದ್ರೆ ಹತ್ತಿರ ಹತ್ತಿರ 1 ಲೀಟರ್ ನೀರು ಆವಿಯಾಗಿ ಗ್ಯಾರೇಜಲ್ಲಿ ತೇಲ್ತಿರತ್ತೆ, ಅದು ಹೋಗಿ ಕೂರೋದು ತಣ್ಣಗಿರೋ ಕಬ್ಬಿಣದ ಮೇಲೆ. ನನ್ನ ಉಳಿಗಳನ್ನ ಗೋಡೆಗೆ ಸಾಲಾಗಿ ತೂಗುಹಾಕಿದ್ದೆ, ಒಂದಿನ ಬೆಳಿಗ್ಗೆ ಒಂದನ್ನ ತೆಗೆದು ಬೆರಳಾಡಿಸಿದ್ರೆ ಅಲಗಿನ ಮೇಲೆ ಸಣ್ಣ ಸಣ್ಣ ಹನಿ ಒಣಗಿದ ಗುರುತು, ಪ್ರತಿ ಗುರುತಿನ ನಡುವೆ ಸಾಸಿವೆ ಕಾಳಷ್ಟು ಕಿತ್ತಳೆ ಬಣ್ಣದ ತುಕ್ಕು. ಆವತ್ತು ಅದು ಹೊರಗಿನ ತೇವ ಅನ್ಕೊಂಡಿದ್ದೆ, ಲೆಕ್ಕ ಹಾಕಿದ ಮೇಲೆ ಗೊತ್ತಾಯ್ತು ನನ್ನ ಹೀಟರೇ ಅಷ್ಟು ನೀರು ಸುರೀತಿತ್ತು ಅಂತ.

ಇದಕ್ಕಿಂತ ದೊಡ್ಡದು ಕಾರ್ಬನ್ ಮಾನಾಕ್ಸೈಡ್. ಗಾಳಿ ಸಾಕಾಗದೆ ಪ್ರೊಪೇನ್ ಅರೆಬರೆ ಉರಿದ್ರೆ ಇದು ಹುಟ್ಟತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದಲ್ಲಿ ಆಕ್ಸಿಜನ್ ಹಿಡ್ಕೊಳ್ಳೋ ಹಿಮೋಗ್ಲೋಬಿನ್ ಇದನ್ನ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಹಿಡ್ಕೊಳ್ಳತ್ತೆ, ಹಾಗಾಗಿ ಸ್ವಲ್ಪ ಇದ್ರೂ ನಿಧಾನಕ್ಕೆ ಮೈಯಲ್ಲಿ ಸೇರ್ತಾ ಹೋಗತ್ತೆ. ತಲೆನೋವು, ತಲೆ ಸುತ್ತು, ವಾಕರಿಕೆ, ಜ್ವರ ಇಲ್ಲದ ಫ್ಲೂ ಥರ. ಭಯ ಆಗೋದು ಎಲ್ಲಿ ಅಂದ್ರೆ ಇದು ಮೊದಲು ಮಂಕು ಮಾಡೋದು ಬುದ್ಧಿಯನ್ನೇ, ಎದ್ದು ಹೊರಗೆ ಹೋಗ್ಬೇಕು ಅಂತ ಅನ್ಸೋದೇ ಇಲ್ಲ, ನನಗೆ ಆಗಿದ್ದೂ ಅದೇ.

ಹಾಗಾಗಿ ಎರಡು ಕಿಂಡಿ ಬೇಕು, ಒಂದು ಕೆಳಗೆ ಇನ್ನೊಂದು ಮೇಲೆ, ಆದಷ್ಟು ಎದುರುಬದುರು. ದೊಡ್ಡ ಹೀಟರ್‌ಗಳ ಮ್ಯಾನ್ಯುಯಲ್‌ಗಳಲ್ಲಿ ಸಾಮಾನ್ಯವಾಗಿ ಬರೋ ಲೆಕ್ಕ 1,00,000 ಬಿಟಿಯುಗೆ 3 ಚದರ ಅಡಿ ತೆರೆದ ಜಾಗ. 30,000 ಬಿಟಿಯು ಆದ್ರೆ 0.9 ಚದರ ಅಡಿ, 8 ಅಡಿ ಅಗಲದ ಬಾಗಿಲನ್ನ ಒಂದೂವರೆ ಇಂಚು ಎತ್ತಿ ಇಟ್ಟಷ್ಟು, ಜೊತೆಗೆ ಮೇಲೆ ಒಂದು ಕಿಟಕಿ ಓರೆ. ನಿಮ್ಮ ಹೀಟರಿನ ಮ್ಯಾನ್ಯುಯಲ್ ಬೇರೆ ಅಳತೆ ಹೇಳಿದ್ರೆ ಅದೇ ಕೊನೆ ಮಾತು. ಬಿಸಿ ಮಾಡ್ಕೊಂಡು ಬಾಗಿಲು ತೆಗೆದಿಡೋದು ದಡ್ಡತನ ಅನ್ಸತ್ತೆ, ನಂಗೂ ಅನ್ಸಿತ್ತು, ಆದ್ರೆ ಆ ಸಂದಿಗೆ ಕಂಬಳಿ ತುರುಕೋದು ನೆಗಡಿ ಬಂತು ಅಂತ ಮೂಗು ಕುಯ್ಕೊಂಡ ಹಾಗೆ. ಆ ಸಂದಿ ಬಿಡೋಕೆ ನಿಮ್ಮ ಗ್ಯಾರೇಜಲ್ಲಿ ಆಗಲ್ಲ ಅಂದ್ರೆ ಪ್ರೊಪೇನ್ ನಿಮಗಲ್ಲ, ಎಲೆಕ್ಟ್ರಿಕ್ ಹೀಟರ್ ತಗೊಳ್ಳಿ, ಅಥವಾ ಹೊಗೆ ಪೈಪಿಂದ ಹೊರಗೆ ಹೋಗೋ ಫಿಕ್ಸೆಡ್ ಹೀಟರ್ ಹಾಕಿಸಿ.

ಅಲಾರಂ ಮೊದಲು ತಗೊಳ್ಳಿ, ಹೀಟರ್ ಆಮೇಲೆ. ಅಲಾರಂ ತಗೋವಾಗ ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಲ್ಲಿ ವಿಷಗಾಳಿ ಎಷ್ಟು ಪಾಲು ಅನ್ನೋ ಲೆಕ್ಕ) ನಂಬರ್ ತೋರ್ಸೋ ಡಿಸ್‌ಪ್ಲೇ ಇರೋದೇ ತಗೊಳ್ಳಿ, ಯಾಕಂದ್ರೆ ಮಾಮೂಲಿ ಅಲಾರಂ ತಕ್ಷಣ ಕೂಗಲ್ಲ, ಇಂಥ ಅಲಾರಂಗಳಿಗೆ ಅಮೆರಿಕದಲ್ಲಿರೋ ಯುಎಲ್ 2034 ಸ್ಟ್ಯಾಂಡರ್ಡ್ ಪ್ರಕಾರ 70 ಪಿಪಿಎಂ ಇದ್ರೆ ಅದು ಕೂಗೋಕೆ 1 ಗಂಟೆಯಿಂದ 4 ಗಂಟೆವರೆಗೂ ಹಿಡೀಬಹುದು, 400 ಪಿಪಿಎಂ ಆದ್ರೆ 4ರಿಂದ 15 ನಿಮಿಷ. ಡಿಸ್‌ಪ್ಲೇ ಇದ್ರೆ 20, 30 ಅಂತ ಏರ್ತಿರೋದು ಕಣ್ಣಿಗೇ ಕಾಣತ್ತೆ, ನೀವು ಅಲ್ಲೇ ಆರಿಸಿ ಬಾಗಿಲು ತೆಗೀಬಹುದು. ಇನ್ನೊಂದು ಸೂಕ್ಷ್ಮ, ಎಷ್ಟೋ ಮನೆಬಳಕೆ ಅಲಾರಂಗಳು 4 ಡಿಗ್ರಿಗಿಂತ ಕೆಳಗೆ ಕೆಲಸ ಮಾಡೋಕೆ ಅಂತ ಮಾಡಿದ್ದಲ್ಲ, ಗ್ಯಾರೇಜ್ ಅದಕ್ಕಿಂತ ತಣ್ಣಗಾಗೋದಾದ್ರೆ ಅಲಾರಂನ ಟೆಂಪರೇಚರ್ ರೇಂಜ್ ಓದಿ ತಗೊಳ್ಳಿ. ಹಿಂದೆ ಎಕ್ಸ್‌ಪೈರಿ ಡೇಟ್ ಇರತ್ತೆ, ಅದನ್ನೂ ನೋಡಿ.

3. ಬಿಸಿ ಬೇಕಾಗಿರೋದು ಗ್ಯಾರೇಜಿಗಾ, ನಿಮಗಾ

ಇದನ್ನ ನಾನು ಯಾರು ಕೇಳಿದ್ರೂ ಮೊದಲು ಹೇಳ್ತೀನಿ. ಒಂದೇ ಜಾಗದಲ್ಲಿ ಬೆಂಚಿನ ಮುಂದೆ ನಿಂತು ಒಂದೆರಡು ಗಂಟೆ ಕೆಲಸ ಮಾಡೋದಾದ್ರೆ ಇಡೀ ಗ್ಯಾರೇಜ್ ಕಾಯಿಸೋದು ವ್ಯರ್ಥ, ನಿಮ್ಮ ಮೈ ಕೈ ಬೆಚ್ಚಗಿದ್ರೆ ಸಾಕು. ಅಂಟು ಹಾಕಿದ ಮರ, ಇಡೀ ಕಾರು, ಅಥವಾ ಓಡಾಡಿ ಮಾಡೋ ಕೆಲಸ ಆದ್ರೆ ಮಾತ್ರ ಗಾಳಿಯನ್ನೇ ಕಾಯಿಸ್ಬೇಕಾಗತ್ತೆ. ಹೀಟರಿನ ಜಾತಿ ನಿರ್ಧಾರ ಆಗೋದು ಈ ಒಂದು ಪ್ರಶ್ನೆ ಮೇಲೆ.

ಕೈಲಿ ಹಿಡ್ಕೊಂಡು ಹೋಗೋ ಸಣ್ಣ ರೇಡಿಯಂಟ್ ಹೀಟರು. ಸೆರಾಮಿಕ್ ಪ್ಲೇಟು ಕೆಂಪಗೆ ಕಾದು ಬಿಸಿಲಿನ ಥರ ಎದುರಿಗಿರೋದನ್ನ ನೇರ ಕಾಯಿಸತ್ತೆ, ನಡುವಿನ ಗಾಳಿಯನ್ನ ಅಷ್ಟಾಗಿ ಕಾಯಿಸಲ್ಲ. ಇದರ ದೊಡ್ಡ ಗುಣ ಏನಂದ್ರೆ ಬಾಗಿಲು ಓರೆ ಇದ್ರೂ ಬಿಸಿ ಹಾರಿಹೋಗಲ್ಲ, ಅಂದ್ರೆ ನಮಗೆ ಬೇಕಾದ ಗಾಳಿಯಾಟಕ್ಕೂ ಇದಕ್ಕೂ ಜಗಳ ಇಲ್ಲ. ಸಾಮಾನ್ಯವಾಗಿ 4,000ದಿಂದ 9,000 ಬಿಟಿಯು, ಸ್ವಲ್ಪ ದೊಡ್ಡದು 18,000. ಮುಚ್ಚಿದ ಜಾಗದಲ್ಲೂ ಗಾಳಿ ಬಿಟ್ಕೊಂಡು ಬಳಸ್ಬಹುದು ಅಂತ ತಯಾರಿಸಿರೋ ಮಾಡೆಲ್‌ಗಳು ಜಾಸ್ತಿ ಸಿಗೋದು ಈ ಜಾತೀಲೇ. ಒಂದು ಕಾರಿನ ಗ್ಯಾರೇಜಿಗೆ, ಬೆಂಚು ಕೆಲಸಕ್ಕೆ ನಾನು ಕಣ್ಮುಚ್ಚಿ ಹೇಳೋದು ಇದನ್ನೇ, ಈಗ ನಾನು ಬಳಸ್ತಿರೋದೂ ಇದೇ. ಕೊರತೆ ಅಂದ್ರೆ ಮುಂದೆ ಸುಡತ್ತೆ, ಬೆನ್ನು ತಣ್ಣಗೇ ಇರತ್ತೆ, ಮತ್ತೆ ಎದುರಿಗೆ 3 ಅಡಿ ಆದ್ರೂ ಖಾಲಿ ಬಿಡ್ಬೇಕು, ಬಟ್ಟೆ ಚಿಂದಿ, ಮರದ ಹೊಟ್ಟು ಏನೂ ಇರಬಾರದು.

ಸಿಲಿಂಡರಿನ ತಲೆ ಮೇಲೆ ಕೂರೋ ಹೀಟರ್ ನೋಡಿರ್ತೀರಿ, ದುಂಡಗೆ ದೀಪದ ಥರ ಒಂದು ಅಥವಾ ಎರಡು ಮೂರು ಬರ್ನರ್, ಒಂದಕ್ಕೆ ಸುಮಾರು 15,000 ಬಿಟಿಯು, ಮೂರಿದ್ರೆ 45,000. ಅಗ್ಗ, ಬಿಸಿನೂ ಭರ್ಜರಿ. ಆದ್ರೆ ಮುಖ ಎತ್ತರದಲ್ಲಿ, ಭಾರ ಮೇಲೆ, ಕಾಲು ತಾಗಿದ್ರೆ ಉರುಳತ್ತೆ, ಉರಿನೂ ಸಿಲಿಂಡರೂ ಒಂದೇ ಕಡೆ. ಇವು ಹೆಚ್ಚಿನಂಶ ಬಯಲಿಗೆ, ಕಟ್ಟಡ ಕೆಲಸದ ಜಾಗಕ್ಕೆ ಅಂತ ಮಾಡಿದ್ದು. ಬಾಗಿಲು ಪೂರ್ತಿ ತೆಗೆದು ಬಾಗಿಲ ಹತ್ರಾನೇ ಕೂತು ಕೆಲಸ ಮಾಡೋರಿಗೆ ಸರಿಹೋಗ್ಬಹುದು, ಮಕ್ಕಳು ನಾಯಿ ಓಡಾಡೋ ಗ್ಯಾರೇಜಿಗೆ ನಾನು ಬೇಡ ಅಂತೀನಿ.

ಟಾರ್ಪಿಡೋ, ಅಂದ್ರೆ ಫೋರ್ಸ್ಡ್ ಏರ್ ಹೀಟರ್, 30,000ದಿಂದ ಶುರುವಾಗಿ 1,50,000 ಬಿಟಿಯು ದಾಟಿ ಹೋಗತ್ತೆ. ಫ್ಯಾನ್ ಇರೋದ್ರಿಂದ ಕರೆಂಟ್ ಬೇಕು, ಕರೆಂಟ್ ಹೋದಾಗ ಬಳಸ್ತೀನಿ ಅನ್ಕೊಂಡಿದ್ರೆ ಮರ್ತುಬಿಡಿ. ಹಿಮಗಟ್ಟಿರೋ ದೊಡ್ಡ ಜಾಗವನ್ನ ಬೇಗ ಕಾಯಿಸೋಕೆ ಇದನ್ನ ಬಿಟ್ರೆ ಇಲ್ಲ, ಎರಡು ಮೂರು ಕಾರಿನ ಗ್ಯಾರೇಜು, ಬಾಗಿಲು ತೆಗೆದು ಹದಿನೈದು ನಿಮಿಷ ಓಡಿಸಿ ಆರಿಸೋದು, ಅಂಥ ಬಳಕೆಗೆ ಒಳ್ಳೇದು. ಪಕ್ಕದಲ್ಲಿಟ್ಕೊಂಡು ಗಂಟೆಗಟ್ಟಲೆ ಕೆಲಸ ಮಾಡೋಕಲ್ಲ. ಧೂಳು, ಮರದ ಪುಡಿಯನ್ನೂ ಎಬ್ಬಿಸತ್ತೆ, ಮರಗೆಲಸದೋರು ದೂರ ಇರಿ.

ಕ್ಯಾಬಿನೆಟ್ ಹೀಟರ್ ಅಂತ ಇನ್ನೊಂದಿದೆ, ಚಕ್ರ ಇರೋ ಪೆಟ್ಟಿಗೆ, ಸಿಲಿಂಡರ್ ಅದರ ಬೆನ್ನಿನೊಳಗೆ ಕೂರತ್ತೆ, ಮೂರು ಪ್ಲೇಟ್, ಸಾಮಾನ್ಯವಾಗಿ 4.2 ಕಿಲೋವ್ಯಾಟ್, ಅಂದ್ರೆ ಸುಮಾರು 14,300 ಬಿಟಿಯು. ಸುಲಭಕ್ಕೆ ಉರುಳಲ್ಲ, ಒಂದು ಎರಡು ಮೂರು ಅಂತ ಪ್ಲೇಟ್ ಹಚ್ಕೋಬಹುದು. ಮಧ್ಯಮ ಗಾತ್ರದ ಗ್ಯಾರೇಜಿಗೆ ಚೆನ್ನಾಗಿದೆ, ಮೆಟ್ಟಿಲು ಇದ್ರೆ ಕಷ್ಟ.

ಹೋಟೆಲ್ ಅಂಗಳದಲ್ಲಿ ಛತ್ರಿ ಥರ ನಿಲ್ಸಿರ್ತಾರಲ್ಲ, ಆ ಪ್ಯಾಟಿಯೋ ಹೀಟರ್ ಒಳಗೆ ತರ್ಲೇಬೇಡಿ. ಅಡುಗೆ ಬರ್ನರ್ ಹಚ್ಚಿಟ್ಟು ಕಾಯಿಸ್ಕೊಳ್ಳೋದೂ ಬೇಡ.

4. ಎಷ್ಟು ಬಿಟಿಯು ಬೇಕು, ಲೆಕ್ಕ ಹಾಕಿ

ಉದ್ದ, ಅಗಲ, ಎತ್ತರ ಅಡಿಗಳಲ್ಲಿ ಅಳೆದು ಗುಣಿಸಿ, ಘನ ಅಡಿ ಸಿಗತ್ತೆ. ಹೊರಗಿನ ಚಳಿಗಿಂತ ಎಷ್ಟು ಡಿಗ್ರಿ ಸೆಲ್ಸಿಯಸ್ ಮೇಲೇರಬೇಕು ಅಂತ ತೀರ್ಮಾನ ಮಾಡಿ ಅದರಿಂದ ಗುಣಿಸಿ. ಕೊನೇಗೆ ಗ್ಯಾರೇಜಿನ ಸ್ಥಿತಿ ನೋಡಿ ಇನ್ನೊಂದು ಗುಣಾಕಾರ: ತಗಡಿನ ಶೀಟು, ಇನ್ಸುಲೇಶನ್ (ಬಿಸಿ ಹೊರಗೆ ಹೋಗದ ಹಾಗೆ ತಡೆಯೋ ಪದರ) ಇಲ್ಲ ಅಂದ್ರೆ 0.45, ಒಂದು ಪದರ ಇಟ್ಟಿಗೆ ಗೋಡೆ ಅಂದ್ರೆ 0.3, ಗೋಡೆ ಚಾವಣಿ ಬಾಗಿಲು ಎಲ್ಲಕ್ಕೂ ಚೆನ್ನಾಗಿ ಇನ್ಸುಲೇಶನ್ ಇದ್ರೆ 0.12. ಬರೋ ಉತ್ತರ ಗಂಟೆಗೆ ಬೇಕಾದ ಬಿಟಿಯು.

20 ಅಡಿ, 20 ಅಡಿ, 8 ಅಡಿ ಎತ್ತರದ ಗ್ಯಾರೇಜ್ ತಗೊಳ್ಳಿ, 3,200 ಘನ ಅಡಿ. 15 ಡಿಗ್ರಿ ಏರ್ಬೇಕು. ತಗಡಿನದಾದ್ರೆ 21,600, ಇಟ್ಟಿಗೇದಾದ್ರೆ 14,400, ಇನ್ಸುಲೇಶನ್ ಇದ್ರೆ 5,760. ಅದೇ ಗ್ಯಾರೇಜು, ಅದೇ ಚಳಿ, ಮೂರೂವರೆ ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ ನೋಡಿ. ಅದಕ್ಕೇ ದೊಡ್ಡ ಹೀಟರಿಗೆ ಹಾಕೋ ದುಡ್ಡಲ್ಲಿ ಸ್ವಲ್ಪ ಬಾಗಿಲಿಗೆ, ಚಾವಣಿಗೆ ಇನ್ಸುಲೇಶನ್ ಹಾಕ್ಸಿದ್ರೆ ಸಣ್ಣ ಹೀಟರಲ್ಲೇ ಆಗತ್ತೆ, ಸುಡೋದೂ ಕಮ್ಮಿ, ನೀರಾವಿನೂ ಕಮ್ಮಿ. ಗಾಳಿಗೆ ಬಿಟ್ಟ ಕಿಂಡಿಯಿಂದ ಹೋಗೋ ಬಿಸಿಗೆ ಅಂತ ಐದನೇ ಒಂದು ಭಾಗ ಸೇರಿಸ್ಕೊಳ್ಳಿ, ಅದಕ್ಕಿಂತ ಜಾಸ್ತಿ ಬೇಡ. ಕಿಲೋವ್ಯಾಟಲ್ಲಿ ಬರೆದಿರೋ ಹೀಟರ್ ಆದ್ರೆ 3,412ರಿಂದ ಗುಣಿಸಿದ್ರೆ ಬಿಟಿಯು.

ರೇಡಿಯಂಟ್ ಹೀಟರಿಗೆ ಈ ಲೆಕ್ಕ ಅಷ್ಟು ಬೇಕಾಗಲ್ಲ, ಅದು ನಿಮ್ಮನ್ನ ಕಾಯಿಸೋದು, 9,000 ಬಿಟಿಯು ನಾಲ್ಕೈದು ಅಡಿ ದೂರದಲ್ಲಿ ಇಟ್ಕೊಂಡ್ರೆ ಸಾಕಷ್ಟಾಯ್ತು. ಗುಬ್ಬಿ (ನಾಬ್) ತಿರುಗಿಸಿ ಉರಿ ಕಮ್ಮಿ ಮಾಡೋಕೆ ಬರೋ ಹೀಟರೇ ತಗೊಳ್ಳಿ, ಒಂದೇ ಉರಿ ಇರೋದು ಬೇಡ.

5. ಸಿಲಿಂಡರ್ ಲೆಕ್ಕ

1 ಕೆಜಿ ಪ್ರೊಪೇನಲ್ಲಿ ಸುಮಾರು 47,500 ಬಿಟಿಯು ಇರತ್ತೆ. 20 ಪೌಂಡಿನ, ಅಂದ್ರೆ ಸುಮಾರು 9 ಕೆಜಿ ಗ್ಯಾಸ್ ಹಿಡಿಯೋ ಸಿಲಿಂಡರಲ್ಲಿ ಹೆಚ್ಚುಕಮ್ಮಿ 4,30,000 ಬಿಟಿಯು, 30,000ದ ಹೀಟರ್ ಪೂರ್ತಿ ಉರೀಲಿ ಇಟ್ರೆ 14 ಗಂಟೆ, 15,000ದ್ದಾದ್ರೆ 28 ಗಂಟೆ. ಒಂದು ಪೌಂಡಿನ ಸಣ್ಣ ಡಬ್ಬ 9,000 ಬಿಟಿಯು ಹೀಟರಿಗೆ ಎರಡೂಕಾಲು, ಎರಡೂವರೆ ಗಂಟೆ ಬಂದ್ರೆ ಹೆಚ್ಚು, ಆಮೇಲೆ ಖಾಲಿ ಡಬ್ಬದ ರಾಶಿ ಬೀಳತ್ತೆ, ಹಾಗಾಗಿ ದಿನಾ ಬಳಸೋರು ಹೋಸ್ ಹಾಕಿ ದೊಡ್ಡ ಸಿಲಿಂಡರಿಗೆ ಹೋಗ್ತಾರೆ. ತುಂಬಿದ 20 ಪೌಂಡಿನ ಸಿಲಿಂಡರ್ ಒಟ್ಟು ತೂಕ 17 ಕೆಜಿ ಹತ್ತಿರ ಇರತ್ತೆ, ಎತ್ತಿ ಹೊರಗೆ ಒಳಗೆ ಮಾಡೋಕೆ ಆಗತ್ತಾ ಅಂತ ಯೋಚ್ನೆ ಮಾಡಿ.

ಇದರಲ್ಲಿ ಒಂದು ತಮಾಷೆ ಅಲ್ಲದ ವಿಷಯ ಇದೆ, ಡಬ್ಬದ ಮೇಲೆ ಯಾರೂ ಬರೆಯಲ್ಲ. ಸಿಲಿಂಡರೊಳಗೆ ಇರೋದು ದ್ರವ, ಅದು ಆವಿಯಾಗಿ ಹೀಟರಿಗೆ ಹೋಗ್ಬೇಕು, ಆವಿಯಾಗೋಕೆ ಬೇಕಾದ ಬಿಸಿಯನ್ನ ಅದು ತನ್ನಿಂದ, ಸಿಲಿಂಡರಿನ ಗೋಡೆಯಿಂದ ಎಳ್ಕೊಳ್ಳತ್ತೆ. ದೊಡ್ಡ ಹೀಟರ್ ಸಣ್ಣ ಸಿಲಿಂಡರಿಗೆ ಸಿಕ್ಕಿಸಿ ನೋಡಿ, ಅರ್ಧ ಗಂಟೆಯಾದ ಮೇಲೆ ಸಿಲಿಂಡರಿನ ಹೊರಮೈ ಮೇಲೆ ಬಿಳೀ ಹಿಮ ಕಟ್ಟತ್ತೆ, ಎಲ್ಲಿವರೆಗೆ ಅಂದ್ರೆ ಒಳಗೆ ದ್ರವ ಇರೋ ಮಟ್ಟದವರೆಗೆ, ಮೇಲೆ ಗೆರೆ ಎಳೆದಂಗೆ ಒಣಗಿರತ್ತೆ. ಹಿಮ ಕಟ್ಟಿದ ಹಾಗೆ ಒತ್ತಡ ಬೀಳತ್ತೆ, ಉರಿ ಸಣ್ಣ ಆಗತ್ತೆ, ಗ್ಯಾಸ್ ಖಾಲಿ ಆಯ್ತು ಅನ್ಕೊಂಡು ಬಿಚ್ಚಿ ನೋಡಿದ್ರೆ ಅರ್ಧ ಹಾಗೇ ಇರತ್ತೆ. ನನ್ನ ಟಾರ್ಪಿಡೋ ಜೊತೆ ಎರಡು ಸಲ ಹೀಗೇ ಆಯ್ತು. ಇದಕ್ಕೆ ಬಿಸಿನೀರು ಸುರಿಯೋದು, ಹೀಟರ್ ಅದರ ಕಡೆ ತಿರುಗಿಸೋದು ಯಾವತ್ತೂ ಮಾಡ್ಬೇಡಿ, ಹೀಟರ್ ಸಣ್ಣ ಮಾಡಿ ಅಥವಾ ದೊಡ್ಡ ಸಿಲಿಂಡರ್ ಹಾಕಿ. 60,000 ಬಿಟಿಯು ಮೇಲೆ ಹೋಗೋರು ಮ್ಯಾನ್ಯುಯಲಲ್ಲಿ ಕನಿಷ್ಠ ಎಷ್ಟು ದೊಡ್ಡ ಸಿಲಿಂಡರ್ ಬೇಕು ಅಂತ ಬರೆದಿರೋದನ್ನ ಹೀಟರ್ ಕೊಳ್ಳೋ ಮುಂಚೆನೇ ಓದಿ.

ಗ್ಯಾಸ್ ಯಾವುದು ಅನ್ನೋದೂ ಮುಖ್ಯ. ಪ್ರೊಪೇನ್ ಮೈನಸ್ 42 ಡಿಗ್ರೀಲಿ ಕುದಿಯತ್ತೆ, ಹಾಗಾಗಿ ಎಂಥ ಚಳೀಲೂ ಆವಿಯಾಗತ್ತೆ. ಬ್ಯೂಟೇನ್ ಕುದಿಯೋದು ಮೈನಸ್ 0.5 ಡಿಗ್ರೀಲಿ, ಸೊನ್ನೆ ಹತ್ರ ಬಂದ್ರೆ ಸಿಲಿಂಡರಲ್ಲೇ ದ್ರವವಾಗಿ ಕೂತುಬಿಡತ್ತೆ. ಎರಡೂ ಬೆರೆಸಿರೋ ಗ್ಯಾಸ್ ನಿಮ್ಮಲ್ಲಿ ಸಿಗೋದಾದ್ರೆ ಕೊರೆಯೋ ಚಳೀಲಿ ಕೊನೇ ಭಾಗ ಉರಿಯಲ್ಲ. ಹೀಟರ್, ರೆಗ್ಯುಲೇಟರ್ ಎರಡೂ ನಿಮಗೆ ಸಿಗೋ ಗ್ಯಾಸಿಗೇ ಹೊಂದೋದಿರಬೇಕು.

6. ಅಂಗಡೀಲಿ ಕೈಯಲ್ಲಿ ಹಿಡಿದು ನೋಡ್ಬೇಕಾದ್ದು

ಮೊದಲು ಹೀಟರಿಗೆ ಅಂಟಿಸಿರೋ ವಿವರದ ಪ್ಲೇಟಿನ ಮೇಲೆ ಏನು ಬರೆದಿದೆ ಓದಿ. ಬಯಲಲ್ಲಿ ಮಾತ್ರ ಅಂತಿದ್ರೆ ಅಲ್ಲೇ ಕೆಳಗಿಡಿ, ಅಂಗಡಿಯವರು ಏನೇ ಹೇಳ್ಲಿ. ಸರ್ಟಿಫಿಕೇಶನ್ ಗುರುತು ಇಲ್ಲದ ಹೀಟರ್ ಎಷ್ಟು ಅಗ್ಗ ಸಿಕ್ರೂ ಬೇಡ.

ಉರುಳಿದ್ರೆ ಆರೋ ಸ್ವಿಚ್ ಇರಬೇಕು. ಉರಿ ಆರಿದ್ರೆ ಗ್ಯಾಸ್ ನಿಲ್ಸೋ ಥರ್ಮೋಕಪಲ್ ಇರಬೇಕು, ಹಚ್ಚುವಾಗ ಗುಬ್ಬಿಯನ್ನ ಅರ್ಧ ನಿಮಿಷ ಒತ್ತಿ ಹಿಡೀಬೇಕಾಗತ್ತಲ್ಲ, ಅದು ಇದಕ್ಕೇ, ತೊಂದ್ರೆ ಅಂತ ಬೈಕೋಬೇಡಿ. ಮೂರನೇದು ಓಡಿಎಸ್, ಆಕ್ಸಿಜನ್ ಕಮ್ಮಿ ಆದ್ರೆ ತಾನೇ ಆರಿಸೋ ವ್ಯವಸ್ಥೆ. ಮಾಮೂಲಿ ಗಾಳೀಲಿ ಆಕ್ಸಿಜನ್ 20.9 ಪರ್ಸೆಂಟ್ ಇರತ್ತೆ, ಅದು 18ರ ಹತ್ರ ಇಳಿದ್ರೆ ಬರ್ನರ್ ಪಕ್ಕ ಸದಾ ಉರಿಯೋ ಸಣ್ಣ ಪೈಲಟ್ ಉರಿ ತನ್ನ ಜಾಗ ಬಿಟ್ಟು ಮೇಲೇಳತ್ತೆ, ಥರ್ಮೋಕಪಲ್ ತಣ್ಣಗಾಗಿ ಗ್ಯಾಸ್ ನಿಲ್ಲತ್ತೆ. ಸರಳವಾದ, ಒಳ್ಳೇ ಉಪಾಯ. ಆದ್ರೆ ಇದು ಅಳೆಯೋದು ಆಕ್ಸಿಜನ್ನು, ಕಾರ್ಬನ್ ಮಾನಾಕ್ಸೈಡನ್ನಲ್ಲ. ಬರ್ನರ್ ಧೂಳು ಹಿಡಿದು ಕೆಟ್ಟದಾಗಿ ಉರೀತಿದ್ರೆ ಆಕ್ಸಿಜನ್ ಸಾಕಷ್ಟಿದ್ದೂ ವಿಷಗಾಳಿ ಹುಟ್ಟಬಹುದು, ಅದಕ್ಕೇ ಓಡಿಎಸ್ ಇದ್ರೂ ಅಲಾರಂ ಬೇಕು. ಟಾರ್ಪಿಡೋಗಳಲ್ಲಿ ಸಾಮಾನ್ಯವಾಗಿ ಓಡಿಎಸ್ ಇರಲ್ಲ. 7,000 ಅಡಿಗಿಂತ ಎತ್ತರದ ಊರಲ್ಲಿರೋರಿಗೆ ಗಾಳಿ ತೆಳು ಆಗಿರೋದ್ರಿಂದ ಓಡಿಎಸ್ ಇರೋ ಹೀಟರ್ ಪದೇಪದೇ ಆರ್ಬಹುದು, ಸಿಟ್ಟಲ್ಲಿ ಅದನ್ನ ಬೈಪಾಸ್ ಮಾಡೋಕೆ ಹೋಗ್ಬೇಡಿ.

ಹೋಸ್, ರೆಗ್ಯುಲೇಟರ್ ಹೀಟರ್ ಜೊತೆ ಬಂದಿದ್ದೇ ಇರ್ಲಿ. ಮನೇಲಿ ಬಿದ್ದಿರೋ ಒಲೆಯ ರೆಗ್ಯುಲೇಟರ್ ಹಾಕೋಣ ಅಂದ್ರೆ ಒತ್ತಡ ಬೇರೆ ಇರತ್ತೆ, ಕೆಲವು ಹೀಟರಿಗೆ ಹೈ ಪ್ರೆಶರ್ ಬೇಕು ಕೆಲವಕ್ಕೆ ಲೋ. ಸಣ್ಣ ಹೀಟರಿಗೆ ಉದ್ದ ಹೋಸ್ ಹಾಕಿ ದೊಡ್ಡ ಸಿಲಿಂಡರಿಗೆ ಸೇರ್ಸಿದ್ರೆ ಹೋಸಿನ ರಬ್ಬರಿಂದ ಎಣ್ಣೆ ಜಿಡ್ಡು ಬಂದು ಒಳಗಿನ ಸಣ್ಣ ತೂತು ಕಟ್ಕೊಳ್ಳೋದು ಗೊತ್ತಿರೋ ತೊಂದ್ರೆ, ತಯಾರಕರು ಹೇಳಿದ ಫಿಲ್ಟರ್ ಹಾಕಿ. ಮುಂದಿನ ಜಾಲರಿ ಗಟ್ಟಿ ಇದ್ಯಾ, ಬೆರಳು ಒಳಗೆ ಹೋಗತ್ತಾ ನೋಡಿ.

ಸೆಕೆಂಡ್ ಹ್ಯಾಂಡ್ ಬಗ್ಗೆ ಕೇಳ್ತಾರೆ. ಎದುರಿಗೆ ಹಚ್ಚಿ ತೋರ್ಸಿ, ಉರಿ ನೀಲಿ ಇದ್ದು ಅಥವಾ ಪ್ಲೇಟ್ ಸಮವಾಗಿ ಕೆಂಪಾಗಿ, ಮ್ಯಾನ್ಯುಯಲ್ ಕೊಟ್ರೆ ಮಾತ್ರ ಯೋಚ್ನೆ ಮಾಡಿ, ಹೋಸ್ ಅಂತೂ ಹೊಸದೇ ಹಾಕಿ.

7. ತಂದ ಮೇಲೆ ಮೊದಲ ಸಲ

ಮೊದಲು ಹೊರಗೆ ಹಚ್ಚಿ, ಹೊಸ ಬಣ್ಣ, ಎಣ್ಣೆಯ ವಾಸನೆ ಹೋಗ್ಲಿ. ಜಾಯಿಂಟ್‌ಗಳಿಗೆ ಸೋಪ್ ನೀರು ಹಚ್ಚಿ, ಸಿಲಿಂಡರ್ ವಾಲ್ವ್ ತೆಗೆದು ಒಂದು ನಿಮಿಷ ಸುಮ್ನೆ ನೋಡ್ತಾ ಇರಿ. ಸಣ್ಣ ಲೀಕ್ ಆದ್ರೆ ದೊಡ್ಡ ಗುಳ್ಳೆ ಬರಲ್ಲ, ಸೂಜಿಮೊನೆಯಷ್ಟು ಬಿಳೀ ನೊರೆ ಒಂದೇ ಕಡೆ ನಿಧಾನಕ್ಕೆ ಬೆಳೀತಾ ಹೋಗತ್ತೆ, ಅವಸರದಲ್ಲಿ ನೋಡಿದ್ರೆ ಕಾಣಿಸಲ್ಲ. ಸಿಲಿಂಡರ್ ಬದಲಾಯಿಸಿದಾಗೆಲ್ಲ ಇದು ಮಾಡಿ. ಪ್ರೊಪೇನಿಗೆ ಸ್ವಂತ ವಾಸನೆ ಇಲ್ಲ, ಕೊಳೆತ ಕೋಸಿನಂಥ ವಾಸನೆ ಈಥೈಲ್ ಮರ್ಕ್ಯಾಪ್ಟನ್ ಬೆರೆಸಿರೋದ್ರಿಂದ ಬರೋದು, ಮತ್ತೆ ಪ್ರೊಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಸೋರಿದ್ರೆ ನೆಲದಲ್ಲಿ ನಿಲ್ಲತ್ತೆ, ಗಾಳೀಲಿ ಬರೀ 2 ಪರ್ಸೆಂಟ್ ಸೇರಿದ್ರೂ ಹತ್ಕೊಳ್ಳತ್ತೆ. ಅದಕ್ಕೆ ಬೆಳಿಗ್ಗೆ ಗ್ಯಾರೇಜ್ ತೆಗೆದಾಗ ನಾನು ಲೈಟ್ ಸ್ವಿಚ್ ಮುಟ್ಟೋ ಮುಂಚೆ ಬಗ್ಗಿ ನೆಲದ ಹತ್ರ ಒಂದ್ಸಲ ಮೂಸಿ ನೋಡ್ತೀನಿ.

ಉರಿ ನೀಲಿ ಇರಬೇಕು. ಹಳದಿಯಾಗಿ ಕುಣೀತಿದ್ರೆ, ಮಸಿ ಹಿಡೀತಿದ್ರೆ ಆರಿಸಿ. ಬೇಸಿಗೇಲಿ ಎತ್ತಿಟ್ಟ ಹೀಟರಿನ ಬರ್ನರ್ ಕೊಳವೆಯಲ್ಲಿ ಜೇಡ ಗೂಡು ಕಟ್ಟತ್ತೆ, ಅದು ಗಾಳಿ ತಡೆದು ಉರಿ ಕೆಡಿಸತ್ತೆ, ಚಳಿಗಾಲದ ಮೊದಲ ದಿನ ಬರ್ನರಿಗೆ ಗಾಳಿ ಹೊಡೆದು ಧೂಳು ತೆಗೆದೇ ಹಚ್ಚಿ.

ಹಚ್ಚಿಟ್ಟು ಊಟಕ್ಕೆ ಹೋಗೋದಿಲ್ಲ, ಅದರ ಮುಂದೆ ನಿದ್ದೆ ಮಾಡೋದಿಲ್ಲ. ಕೆಲಸ ಮುಗೀತಿದ್ದ ಹಾಗೆ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ, ಹೋಸಲ್ಲಿರೋ ಗ್ಯಾಸ್ ಉರಿದು ತಾನೇ ಆರಲಿ, ಆಮೇಲೆ ಹೀಟರಿನ ಗುಬ್ಬಿ. ಸಿಲಿಂಡರನ್ನ ಗ್ಯಾರೇಜಲ್ಲಿ ಬಿಡ್ಬೇಡಿ, ನೆಟ್ಟಗೆ ನಿಲ್ಸಿ ಹೊರಗೆ ನೆರಳಲ್ಲಿ, ಕಿಟಕಿ ಬಾಗಿಲಿಂದ ದೂರ ಇಡಿ, ಮಲಗಿಸಿದ್ರೆ ಆವಿ ಬದಲು ದ್ರವ ವಾಲ್ವಿಗೆ ಬರತ್ತೆ. ನಾನು ಸಿಲಿಂಡರ್ ಹೊರಗಿಟ್ಟು ಬಂದು ಬಾಗಿಲು ಪೂರ್ತಿ ತೆಗೆದು ಹತ್ತು ನಿಮಿಷ ತೇವ ಹೋಗೋಕೆ ಬಿಡ್ತೀನಿ, ಅಷ್ಟರಲ್ಲಿ ಎಣ್ಣೆ ಬಟ್ಟೇಲಿ ಉಳಿಗಳನ್ನ ಒಂದೊಂದಾಗಿ ಒರೆಸಿ ಮತ್ತೆ ಗೋಡೆಗೆ ಹಾಕ್ತೀನಿ.